ಆಷಾಢದಲ್ಲಿ ಅತ್ತೆ ಅಂಡಮಾನಿಗೆ

"ಸಮುದ್ರ ತಣ್ಣಗಾಗ್ಬೇಕು ಅಂದ್ರೆ ಈ ಹುಡುಗಿ ಈ ಮನೆ ಬಿಟ್ಟು ಓಗ್ಬೇಕು."

ಈ ಮಾತನ್ನು ನಾನು ಯಾವುದೋ ಪೌರಾಣಿಕ ನಾಟಕದಲ್ಲಿ ಕೇಳಿದ್ದಲ್ಲ. ಕಳೆದ ತಿಂಗಳು, ಇದೇ ಜಿಗಣಿಯಲ್ಲಿ, ನಮ್ಮ ಮನೆ ಓನರ್ ಹಾಲ್‌ನಲ್ಲಿ ಕೇಳಿದೆ. ಗೋಡೆಯ ಮೇಲೆ ಬಾಗಿಲಗಲದ ಟಿವಿ. ಟೀಪಾಯಿ ತುಂಬ ಸ್ಮಾರ್ಟ್‌ಫೋನು. ಹೊರಗೆ ರಸ್ತೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಹೇಳಿದವರು ತಮಾಷೆಗೆ ಹೇಳಲಿಲ್ಲ. ಕೇಳಿದವರು ಯಾರೂ ನಗಲಿಲ್ಲ. (ನನಗೆ ಮಾತ್ರ ನಗು ಬಂದಿತ್ತು. ಸುತ್ತ ಕೂತವರ ಮುಖ ನೋಡಿ ನುಂಗಿಕೊಂಡೆ.)

ಮೊದಲಿನಿಂದ ಹೇಳುತ್ತೇನೆ.

ನಮ್ಮ ಓನರ್ ಜಯಮ್ಮ ನಿಮಗೆ ಹೊಸಬರೇನಲ್ಲ. ಈ ಅಂಕಣದಲ್ಲಿ ಅವರ ಬೋರ್‌ವೆಲ್ ಬಗ್ಗೆ ಬರೆದು ಬೈಸಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಗಂಡ ತೀರಿಕೊಂಡು ಬಹಳ ಕಾಲವಾಯಿತು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಫ್ಯಾಕ್ಟರಿ ಶೆಡ್ಡುಗಳಿವೆ. ಕೆಳಗಿನ ಮನೆಯಲ್ಲಿ ಜಯಮ್ಮ, ಮೇಲಿನ ಮನೆಯಲ್ಲಿ ಬಾಡಿಗೆಗೆ ನಾನು. ಒಬ್ಬನೇ ಮಗ ಮಂಜ, ವಾಟರ್ ಟ್ಯಾಂಕರ್ ಓಡಿಸುವ ವ್ಯವಹಾರ. ಈ ವೈಶಾಖದಲ್ಲಿ ಅವನ ಮದುವೆಯಾಯಿತು. ಸೊಸೆ ರಶ್ಮಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ತವರು ಚಿಕ್ಕಬಾಣಾವರ.

ಮದುವೆಯ ಗಡಿಬಿಡಿ ಮುಗಿಯುವಷ್ಟರಲ್ಲಿ ಆಷಾಢ ಬಂತು. ಮೊದಲ ಆಷಾಢ ಎಂದರೆ ಗೊತ್ತಲ್ಲ? ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು. ಆದರೆ ರಶ್ಮಿಯ ಕಂಪನಿಯಲ್ಲಿ ಆ ತಿಂಗಳು ಯಾವುದೋ ದೊಡ್ಡ ಸಾಫ್ಟ್‌ವೇರ್ ರಿಲೀಸ್. ರಜೆ ಇಲ್ಲ. ಚಿಕ್ಕಬಾಣಾವರ ನಗರದ ಆ ತುದಿ, ಎಲೆಕ್ಟ್ರಾನಿಕ್ ಸಿಟಿ ಈ ತುದಿ. ದಿನಾ ಅಲ್ಲಿಂದ ಇಲ್ಲಿಗೆ ಆಫೀಸಿಗೆ ಬಂದು ಹೋಗುವುದೆಂದರೆ ಟ್ರಾಫಿಕ್ಕಿನಲ್ಲೇ ಸಂಸಾರ ಹೂಡಿದಂತೆ.

ಜಯಮ್ಮ ಯೋಚಿಸಿದರು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ನನ್ನೆದುರು ಕೂತರು.

"ಮೇಡಮ್ಮೋರೆ, ಸಾಸ್ತ್ರ ಏನಂತದೆ? ಅತ್ತೆ ಸೊಸೆ ಒಂದೇ ಒಸ್ಲು ದಾಟಬಾರ್ದು. ಅಷ್ಟೇ ತಾನೆ?"

"ಹೌದು."

"ಸೊಸೇನೇ ಓಗ್ಬೇಕು ಅಂತ ಎಲ್ಲೈತೆ? ನಾನೇ ಓದ್ರೆ?"

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಎಷ್ಟು ತಲೆಮಾರುಗಳಿಂದ ಎಷ್ಟು ಹೆಣ್ಣುಮಕ್ಕಳು ಈ ತಿಂಗಳು ಪೆಟ್ಟಿಗೆ ಕಟ್ಟಿದ್ದಾರೆ? ಒಬ್ಬ ಅತ್ತೆಗಾದರೂ ಹೀಗೆ ಹೊಳೆದಿತ್ತೆ?

"ಎಲ್ಲಿಗೆ ಹೋಗ್ತೀರಿ?"

"ಅಂಡಮಾನಿಗೆ."

(ಕಾಫಿ ಕುಡಿಯುತ್ತಿದ್ದೆ. ನೆತ್ತಿಗೇರಿತು.)

ಬೀದಿಯ ಮಹಿಳಾ ಸಂಘದ ಹೆಂಗಸರೆಲ್ಲ ಸೇರಿ ಹೊರಟಿದ್ದರು. ಸರ್ಕಲ್ ಹತ್ತಿರದ ಟ್ರಾವೆಲ್ಸ್‌ನವರು ಪ್ಯಾಕೇಜ್ ಮಾಡಿಕೊಟ್ಟಿದ್ದರು. ನಾನು ಕೂಡಲೇ ಲ್ಯಾಪ್‌ಟಾಪ್ ತೆರೆದೆ. ಹುಡುಕಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಂಡಮಾನಿಗೆ ಹೋಗಲು ಒಳ್ಳೆಯ ಕಾಲ, ಜೂನ್ ಜುಲೈನಲ್ಲಿ ಮಳೆ, ಗಾಳಿ, ಹಡಗು ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಓದಿ ಹೇಳಿದೆ. ನವೆಂಬರಿನಲ್ಲಿ ಹೋಗಿ ಎಂದೆ.

ಜಯಮ್ಮ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. ನವೆಂಬರ್ ಅಂದರೆ ಕಾರ್ತಿಕ. ಮದುವೆಗಳು. ಆಮೇಲೆ ಧನುರ್ಮಾಸ, ಬೆಳಗ್ಗೆ ಎದ್ದು ಗುಡಿಗೆ ಹೋಗಬೇಕು. ಮಾಘದಲ್ಲಿ ಗೃಹಪ್ರವೇಶಗಳ ಸಾಲು. ಈ ಕಡೆಯಲ್ಲಿ ದಿನಾ ಒಂದು ಬಿಲ್ಡಿಂಗ್ ಏಳುತ್ತದಲ್ಲ, ಎಲ್ಲರೂ ಕರೆಯುತ್ತಾರೆ, ಹೋಗದಿದ್ದರೆ ಮಾತು ಬರುತ್ತದೆ. ಅಷ್ಟರಲ್ಲಿ ಯುಗಾದಿ. ಊರಹಬ್ಬ. ಮತ್ತೆ ಮದುವೆ.

"ಆಸಾಡ ಒಂದೇ ಮೇಡಮ್ಮೋರೆ ನಮ್ದು. ಒಳ್ಳೆ ಕೆಲ್ಸ ಯಾವ್ದೂ ಇರಲ್ಲ. ಯಾರೂ ಕರೆಯಲ್ಲ."

ಯಾವ ಒಳ್ಳೆಯ ಕೆಲಸವನ್ನೂ ಮಾಡಬಾರದ ತಿಂಗಳು ಮಾತ್ರ ಹೆಂಗಸರ ಪಾಲಿಗೆ ಉಳಿದಿದೆ ಎನ್ನುವುದು ನನಗೆ ಆ ದಿನದ ಮೊದಲ ಶಾಕ್. ಎರಡನೆಯದು ಬೆನ್ನಲ್ಲೇ ಬಂತು. ಮಳೆಯ ಕಥೆ ಏನು ಎಂದು ಕೇಳಿದ್ದಕ್ಕೆ ಜಯಮ್ಮ ಹೇಳಿದರು:

"ಮಳೆ ಅಲ್ಲಿಂದ ಯಾವಾಗ್ಲೋ ಒಂಟು ಬಂದಾಯ್ತಲ್ಲ?"

"ಅಂದ್ರೆ?"

"ಟೀವಿಲಿ ಹೇಳ್ಲಿಲ್ವಾ? ಮುಂಗಾರು ಅಂಡಮಾನಿಗೆ ಬಂತು ಅಂದ್ರು. ಆಮೇಲೆ ಕೇರಳಕ್ಕೆ ಬಂತು ಅಂದ್ರು. ಆಮೇಲೆ ನಮ್ಮೂರಿಗೆ ಬಂತು. ಇಲ್ಲಿಗೆ ಬಂದ ಮ್ಯಾಲೆ ಅಲ್ಲೇನೈತೆ?"

"ಜಯಮ್ಮ, ಮಳೆ ಬಿಎಂಟಿಸಿ ಬಸ್ಸಲ್ಲ, ಅಲ್ಲಿ ಬಿಟ್ಟು ಇಲ್ಲಿಗೆ ಬರೋಕೆ."

"ಮತ್ತೆ ಬಾಣದ ಗುರ್ತು ಹಾಕಿ ತೋರಿಸ್ತಾರೆ?"

ಹೌದಲ್ಲ! ತೋರಿಸುತ್ತಾರೆ. ಪ್ರತಿ ಮೇ ತಿಂಗಳು ನಾವೆಲ್ಲ ಆ ಬಾಣ ನೋಡಿಯೇ ಖುಷಿಪಡುತ್ತೇವೆ. ಅಂಡಮಾನಿನಲ್ಲಿ ಮಳೆ ಶುರುವಾಯಿತು ಎಂದರೆ ನಮಗೆ ಅದು ನಮ್ಮ ಮಳೆಯ ಸುದ್ದಿ. ಆಮೇಲೆ ಅಲ್ಲಿ ಎಷ್ಟು ತಿಂಗಳು ಸುರಿಯುತ್ತದೆ ಎಂದು ನಮ್ಮಲ್ಲಿ ಯಾರು ವಿಚಾರಿಸಿದ್ದೇವೆ? ನಾನು ಏನೇನೋ ವಿವರಿಸಲು ಹೋಗಿ ತೊದಲಿದೆ. ಟ್ರಾವೆಲ್ಸ್‌ನವರಿಗೆ ಅಂಥ ಕಷ್ಟ ಇರಲಿಲ್ಲ. "ಇದು ಗ್ರೀನ್ ಸೀಸನ್ನಮ್ಮ, ಸಕ್ಕತ್ತಾಗಿರುತ್ತೆ" ಎಂದಿದ್ದರಂತೆ.

ಹೊರಟ ದಿನ ಜಯಮ್ಮ ಹೊಸ ಸ್ವೆಟರ್ ಹಾಕಿಕೊಂಡಿದ್ದರು. ಚಕ್ಕುಲಿ ಡಬ್ಬಿ ಕೈಯಲ್ಲಿ. ರಶ್ಮಿ ಅವರ ಫೋನಿನಲ್ಲಿ ತನ್ನ ನಂಬರನ್ನು ಮೊದಲಿಗೇ ಬರುವಂತೆ ಮಾಡಿಕೊಟ್ಟಳು. ಅತ್ತೆ ಸೊಸೆ ಗೇಟಿನಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ನೋಡಿ ನನಗೇ ಆಸೆಯಾಯಿತು.

ಪೋರ್ಟ್ ಬ್ಲೇರ್ ತಲುಪಿದ ಸುದ್ದಿ ಬಂತು. ಮಾರನೆಯ ದಿನ ಹಡಗಿನಲ್ಲಿ ಒಂದು ಚಿಕ್ಕ ದ್ವೀಪಕ್ಕೆ ಹೋದರು. ಅವತ್ತೇ ಸಮುದ್ರ ಕೆರಳಿತು. ಬಿರುಗಾಳಿ, ಮಳೆ. ವಾಪಸು ಬರಬೇಕಾದ ಹಡಗು ನಿಂತಿತು. ಅಲ್ಲಿ ಫೋನ್ ನೆಟ್‌ವರ್ಕ್ ಮೊದಲೇ ಅಷ್ಟಕ್ಕಷ್ಟೇ, ಅದೂ ಹೋಯಿತು. ಮತ್ತೆ ಎರಡು ದಿನ ಒಂದು ಕಾಲ್ ಇಲ್ಲ, ಮೆಸೇಜ್ ಇಲ್ಲ. ಟಿವಿಯಲ್ಲಿ ಮಾತ್ರ ಕೆಳಗಡೆ ಕೆಂಪು ಪಟ್ಟಿಯಲ್ಲಿ ಅಕ್ಷರಗಳು ಓಡತೊಡಗಿದವು: ಅಂಡಮಾನ್‌ನಲ್ಲಿ ಪ್ರವಾಸಿಗರು ಅತಂತ್ರ.

ಅತಂತ್ರ! ಆ ಪದವೊಂದು ಸಾಕಾಯಿತು. ಸಂಜೆ ನಾನು ಕೆಳಗಿಳಿದು ಹೋಗುವಷ್ಟರಲ್ಲಿ ಹಾಲ್ ತುಂಬ ನೆಂಟರು. ನಡುವೆ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದವರು ಸಿದ್ದಮ್ಮ. ಜಯಮ್ಮನ ಗಂಡನ ಅಕ್ಕ, ಮಂಜನ ಸೋದರತ್ತೆ. ಮಾದನಾಯಕನಹಳ್ಳಿಯಿಂದ ಕಾರು ಮಾಡಿಕೊಂಡು ಬಂದಿದ್ದರು. ನನಗೆ ಜಯಮ್ಮನದೇ ಚಿಂತೆ. ದೋಣಿ ಮಗುಚಿತೋ, ಗುಡ್ಡ ಕುಸಿಯಿತೋ ಎಂದು ಒಂದಾದ ಮೇಲೊಂದು ಚಾನೆಲ್ ಬದಲಾಯಿಸಿ ನೋಡಿದ್ದೆ. ಎಲ್ಲರೂ ಕೂತು ಅಲ್ಲಿನ ಅಧಿಕಾರಿಗಳಿಗೆ ಫೋನ್ ಮಾಡುತ್ತಿರುತ್ತಾರೆ, ನಾನೂ ಒಂದೆರಡು ಕಡೆ ವಿಚಾರಿಸೋಣ ಎಂದುಕೊಂಡು ಹೋಗಿದ್ದೆ.

ಅವರು ಅಲ್ಲಿ ವಿಚಾರಿಸುತ್ತಿದ್ದದ್ದು ರಶ್ಮಿಯನ್ನು.

"ಮೊದಲ್ನೇ ಆಸಾಡ. ಸೊಸೆ ಗಂಡನ ಮನೇಲಿ ಉಳ್ಕೊಂಡ್ಳು, ಅತ್ತೆ ಮನೆ ಬಿಟ್ಟು ಓದ್ಳು. ತಲೆಕೆಳಗು ಮಾಡಿದ್ರೆ ಇಂಗಾಗ್ದೆ ಇನ್ನೇನಾಗ್ತದೆ?" ಎಂದರು ಸಿದ್ದಮ್ಮ. ಆಮೇಲೆ ಬಂದದ್ದು ನಾನು ಶುರುವಿನಲ್ಲಿ ಹೇಳಿದ ಆ ತೀರ್ಪು. ಹುಡುಗಿ ಮನೆ ಬಿಡಬೇಕು, ಸಮುದ್ರ ತಣ್ಣಗಾಗುತ್ತದೆ.

ಬಂಗಾಳಕೊಲ್ಲಿಗೆ ರಶ್ಮಿ ಯಾರೆಂದು ಗೊತ್ತೆ?

ನಾನು ಬಾಯಿ ಹಾಕಿದೆ. "ಅಲ್ಲಿ ಪ್ರತಿ ವರ್ಷ ಈ ತಿಂಗಳು ಹಡಗು ನಿಲ್ಲುತ್ತೆ ಸಿದ್ದಮ್ಮ."

"ಪ್ರತಿ ವರ್ಸ ನಮ್ ಜಯ ಓಗಿದ್ಲಾ?"

ನೆರವಿಗೆ ಬರಲೆಂದು ಪಕ್ಕದಲ್ಲಿದ್ದ ಮಂಜನ ಕಸಿನ್ ಕಡೆ ತಿರುಗಿದೆ. ಇಂಜಿನಿಯರ್. ವೈಟ್‌ಫೀಲ್ಡಿನಲ್ಲಿ ಕೆಲಸ. ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ತೂಗುತ್ತಿತ್ತು. ಅವನು ಗಂಭೀರವಾಗಿ ಹೇಳಿದ, "ಹಿರಿಯರು ಸುಮ್ನೆ ಮಾಡಿಲ್ಲ ಮೇಡಂ. ಇದ್ರಲ್ಲೆಲ್ಲ ಸೈನ್ಸ್ ಇದೆ."

"ಯಾವ ಸೈನ್ಸಪ್ಪಾ?"

"ವೈಬ್ರೇಶನ್ಸ್."

ಇಂಥವರು ಬರೆದ ಪ್ರೋಗ್ರಾಮ್ ನಂಬಿ ನಾವು ಬ್ಯಾಂಕಿನಲ್ಲಿ ಖಾತೆ ಇಟ್ಟಿದ್ದೇವಲ್ಲ ಎಂದು ನಿಜಕ್ಕೂ ಹೆದರಿಕೆಯಾಯಿತು.

ಇನ್ನು ಮಂಜ. ಮಂಜನ ಬಗ್ಗೆ ಒಂದು ಮಾತು ಹೇಳಬೇಕು. ಅವನಷ್ಟು ಮಾತಾಡುವ ಗಂಡಸನ್ನು ನಾನು ನೋಡಿಲ್ಲ. ಬೆಳಗಾದರೆ ಫೋನ್ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಾಟ: "ಗುರು, ಬಂದೆ ಗುರು, ನಿಮ್ ಗೇಟ್ ಹತ್ರಾನೇ ಇದೀನಿ!" (ಗಾಡಿ ಆಗಷ್ಟೇ ಸ್ಟಾರ್ಟ್ ಆಗುತ್ತಿರುತ್ತದೆ.) ಅಪಾರ್ಟ್‌ಮೆಂಟಿನ ಸೆಕ್ರೆಟರಿಗಳನ್ನೆಲ್ಲ ಮಾತಿನಲ್ಲೇ ಮಲಗಿಸುತ್ತಾನೆ. ಆ ಮಂಜ ಅವತ್ತು ಸೋಫಾದ ಅಂಚಿನಲ್ಲಿ ಕೂತು ಫೋನಿನ ಪರದೆಯನ್ನು ಉಜ್ಜುತ್ತಿದ್ದ. ತಾಯಿಯ ಚಿಂತೆ ಇರಬೇಕು ಎಂದುಕೊಂಡೆ. ಇತ್ತು, ಸುಳ್ಳಲ್ಲ. ಕಣ್ಣು ಕೆಂಪಾಗಿತ್ತು.

ಅಷ್ಟರಲ್ಲಿ ಯಾರೋ ಒಳಗಿನಿಂದ ಒಂದು ಸೂಟ್‌ಕೇಸ್ ಎಳೆದುಕೊಂಡು ಬಂದರು. ನೀಲಿ ಬಣ್ಣದ್ದು, ಮದುವೆಗೆ ತೆಗೆದುಕೊಂಡದ್ದು. ರಶ್ಮಿಯ ಸೀರೆ, ಚೂಡಿದಾರ, ಎಲ್ಲವನ್ನೂ ಕಬೋರ್ಡಿನಿಂದ ತೆಗೆದು ತುಂಬಿದ್ದರು. ಜಿಪ್ಪಿನ ಸಂದಿಯಲ್ಲಿ ಒಂದು ದುಪಟ್ಟಾದ ತುದಿ ಸಿಕ್ಕಿಕೊಂಡಿತ್ತು. ಅವಳನ್ನು ಕೇಳಿರಲಿಲ್ಲ. ಅವಳಿನ್ನೂ ಆಫೀಸಿನಿಂದ ಬಂದೇ ಇರಲಿಲ್ಲ!

ಕಂಪನಿ ಬಸ್ಸು ಮೂಲೆಯಲ್ಲಿ ನಿಂತ ಸದ್ದಾಯಿತು. ರಶ್ಮಿ ಓಡುತ್ತಲೇ ಬಂದಳು. "ಅತ್ತೆ ಫೋನ್ ಬಂತಾ?" ಎಂದು ಗೇಟಿನಿಂದಲೇ ಕೇಳಿದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಡಬೇಕು, ಸಿದ್ದಮ್ಮ ಕೈ ಎತ್ತಿದರು.

"ಅಲ್ಲೇ ನಿಂತ್ಕೊ. ಒಸ್ಲು ದಾಟ್ಬ್ಯಾಡ."

ಅವಳು ನಿಂತಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಜಗುಲಿಯ ಮೇಲೆ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್. ಸೂಟ್‌ಕೇಸ್ ನೋಡಿದಳು. ದುಪಟ್ಟಾದ ತುದಿ ನೋಡಿದಳು. ಆಮೇಲೆ ಮಂಜನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅವನು ಫೋನಿನಿಂದ ತಲೆ ಎತ್ತಲಿಲ್ಲ. ಆ ಹುಡುಗಿಯ ಮುಖ ನೋಡಲಾಗದೆ ನಾನೂ ಟಿವಿ ಕಡೆ ತಿರುಗಿದೆ.

"ಚಿಕ್ಕಬಾಣಾವರಕ್ಕೆ ಕಾರು ಹೇಳಿದೀವಿ" ಎಂದರು ಸಿದ್ದಮ್ಮ. "ನಿಮ್ ಅತ್ತೆ ಸುಕವಾಗಿ ಬರ್ಲಿ ಅಂತ ನಿಂಗೂ ಆಸೆ ಇದ್ರೆ ಸುಮ್ನೆ ಒಂಟೋಗು."

ಆ ಮಾತಿನ ಜಾಣತನ ಗಮನಿಸಿ. ಹೋಗದಿದ್ದರೆ ಅತ್ತೆ ಬರುವುದು ಅವಳಿಗೆ ಬೇಕಿಲ್ಲ ಎಂದಾಯಿತು. ಹೋದರೆ ತಪ್ಪು ತನ್ನದೇ ಎಂದು ಒಪ್ಪಿಕೊಂಡ ಹಾಗಾಯಿತು. ಜಯಮ್ಮನಿಗೆ ಅಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ? ಈ ಹುಡುಗಿ ಜೀವನಪೂರ್ತಿ ಅತ್ತೆಯನ್ನು ನುಂಗಿದವಳಾಗಿ ಉಳಿಯುತ್ತಿದ್ದಳು.

ಆಗ ಫೋನ್ ಬಂತು.

ರಶ್ಮಿಯ ಫೋನಿಗೆ! ಹೊಸ ನಂಬರು. ಅವಳು ಎತ್ತಿ ಕಿವಿಗಿಟ್ಟು, "ಅತ್ತೇ!" ಎಂದು ಅಳತೊಡಗಿದಳು. ಕಸಿನ್ ಹೋಗಿ ಫೋನ್ ಇಸಿದುಕೊಂಡು ಸ್ಪೀಕರ್ ಹಾಕಿ ತಂದು ಟೀಪಾಯಿ ಮೇಲಿಟ್ಟ. (ಅಳುತ್ತಿದ್ದವಳ ಕೈಯಿಂದ ಫೋನ್ ಕಿತ್ತುಕೊಳ್ಳಲು ಮಾತ್ರ ಹೊಸಿಲು ಅಡ್ಡ ಬರಲಿಲ್ಲ.)

"ಎಲ್ಲಾ ಉಂಡ್ರಾ?" ಎಂದಿತು ಜಯಮ್ಮನ ಧ್ವನಿ. ಹಿಂದೆ ಮಳೆಯ ಸದ್ದು. "ನಂಗೇನಾಗೈತೆ? ಬೆಚ್ಚಗಿವ್ನಿ. ಯಾರ್ದೋ ಅಂಗ್ಡಿ ಫೋನು ಇದು, ಬ್ಯಾಗ ಹೇಳಿ."

ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಸಿದ್ದಮ್ಮ ಫೋನಿನತ್ತ ಬಾಗಿದರು. "ಜಯಾ, ನೀನೇನೂ ಯೋಚ್ನೆ ಮಾಡ್ಬ್ಯಾಡ. ನಿನ್ ಸೊಸೇನ ಈಗ್ಲೇ ತವರಿಗೆ ಕಳಿಸ್ತಾ ಇವ್ನಿ. ಎಲ್ಲಾ ಸರಿಹೋಗ್ತದೆ. ನೀನು ಬಂದ್ಬುಡು."

ಆ ಕಡೆ ಮಳೆಯ ಸದ್ದು ಜೋರಾಯಿತು. ಲೈನ್ ಹೋಯಿತೇನೋ ಎಂದುಕೊಂಡೆವು.

"ಅಯ್ಯಯ್ಯೋ, ಬ್ಯಾಡ ಕಣಕ್ಕಾ!" ಎಂದು ಕೂಗಿದರು ಜಯಮ್ಮ. "ಅವ್ಳು ಓದ್ರೆ ನಾನು ಬರ್ಬೇಕಾಗ್ತದಲ್ಲ! ಇಲ್ಲಿ ಯಾರೋ ಬೇಯಿಸಿ ಹಾಕ್ತಾರೆ, ಕೂತ್ಕೊಂಡು ಉಣ್ತಿವ್ನಿ. ಮದ್ವೆ ಆದಾಗಿಂದ ಮಧ್ಯಾನ ನಿದ್ದೆ ಮಾಡಿದ್ದು ಇಲ್ಲೇ ಕಣಕ್ಕಾ!"

ಯಾರೋ ಕಿಸಕ್ಕೆಂದರು. ಆದರೆ ಜಯಮ್ಮ ನಗುತ್ತಿರಲಿಲ್ಲ. ಧ್ವನಿ ಬದಲಾಯಿತು.

"ಮಳೆ ಬಂದ್ರೆ ಅಡಗು ನಿಲ್ತದೆ ಅಂತ ಇಲ್ಲಿ ಎಲ್ರೂ ಅಂತಾರೆ. ಅದ್ಕೂ ರಶ್ಮಿಗೂ ಏನಕ್ಕಾ? ಓಗ್ತೀನಿ ಅಂದಿದ್ದು ನಾನು. ಮೇಡಮ್ಮೋರು ಬ್ಯಾಡ ಅಂದ್ರೂ ಓದೋಳು ನಾನು. ಬಯ್ಯೋದಾದ್ರೆ ನನ್ನ ಬಯ್ಯಿ. ಆ ಮಗೀಗೆ ಏನಾದ್ರೂ ಅಂದ್ರೋ, ನಾನು ವಾಪಸ್ ಬರಾಕೇ ಇಲ್ಲ."

ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನೆಂಟರ ಮುಖಗಳು ನೋಡುವಂತಿದ್ದವು. ಸಿದ್ದಮ್ಮ ಸೆರಗು ಸರಿಮಾಡಿಕೊಂಡರು. "ಸರಿ, ಜಯನೇ ಬ್ಯಾಡ ಅಂದ ಮ್ಯಾಲೆ ನಮ್ದೇನೈತೆ. ಬಾಮ್ಮ ಒಳಕ್ಕೆ" ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. "ಎಲ್ರಿಗೂ ಒಂದೊಂದು ಲೋಟ ಕಾಫಿ ಮಾಡು."

ಒಂದು ಕ್ಷಮೆ ಇಲ್ಲ. ಒಂದು ಸಂಕೋಚ ಇಲ್ಲ. ಸಮುದ್ರಕ್ಕೆ ಕಾರಣಳಾದವಳು ಐದೇ ನಿಮಿಷದಲ್ಲಿ ಕಾಫಿಗೆ ಕಾರಣಳಾದಳು!

ಮಂಜ ಆಗ ಬಾಯಿ ಬಿಟ್ಟ. ನಗುತ್ತಾ ಎದ್ದ. "ಎಲ್ಲಾ ಸರಿಹೋಯ್ತಲ್ಲ, ಬಿಡು. ಬಾ ಒಳಗೆ. ಸೂಟ್‌ಕೇಸ್ ಒಳಗಿಡ್ತೀನಿ."

"ಬೇಡ. ಅದನ್ನ ಇತ್ತ ಕೊಡು" ಎಂದಳು ರಶ್ಮಿ. ಈಗ ಅಳುತ್ತಿರಲಿಲ್ಲ.

"ಏ, ಯಾಕೆ? ಅಮ್ಮಾನೇ ಹೇಳಿದ್ರಲ್ಲ?"

"ಅತ್ತೆ ಹೇಳಿದ್ರು. ಸಮುದ್ರದ ಆಚೆಯಿಂದ, ಯಾರದೋ ಅಂಗಡಿ ಫೋನಲ್ಲಿ ಹೇಳಿದ್ರು. ನೀನು ಸೋಫಾ ಮೇಲಿಂದ ಹೇಳೋಕಾಗ್ಲಿಲ್ಲ."

ಅವನು ಮತ್ತೆ ಫೋನ್ ಉಜ್ಜತೊಡಗಿದ. ಅವಳೇ ಬಾಗಿ, ಹೊಸಿಲಿನಾಚೆಯಿಂದಲೇ ಕೈ ಚಾಚಿ ಸೂಟ್‌ಕೇಸನ್ನು ಎಳೆದುಕೊಂಡಳು. ನಾನು ಮೇನ್ ರೋಡಿನವರೆಗೆ ಜೊತೆಗೆ ಹೋದೆ. ಚಿಕ್ಕಬಾಣಾವರಕ್ಕೂ ಹೋಗಲಿಲ್ಲ ಅವಳು. "ಅಲ್ಲೂ ಮೊದಲು ಕೇಳೋದು, ನೀನೇನು ಮಾಡಿದೆ ಅಂತಲೇ ಆಂಟಿ" ಎಂದಳು. ಎಲೆಕ್ಟ್ರಾನಿಕ್ ಸಿಟಿಯ ಒಂದು ಪಿಜಿಯಲ್ಲಿ ಅವಳ ಗೆಳತಿ ಇದ್ದಾಳೆ, ಅಲ್ಲಿಗೆ ಆಟೋ ಹತ್ತಿದಳು. ನನಗೆ ಅವಳನ್ನು ತಡೆಯುವ ಮನಸ್ಸೂ ಬರಲಿಲ್ಲ, ಹೋಗು ಎನ್ನುವ ಧೈರ್ಯವೂ ಬರಲಿಲ್ಲ.

ಗಾಳಿ ನಿಂತಿತು. ಹಡಗು ಹೊರಟಿತು. ಜಯಮ್ಮ ಮುತ್ತಿನ ಸರ, ಕಪ್ಪೆಚಿಪ್ಪಿನ ಗೊಂಬೆ, ನೆಗಡಿ ಎಲ್ಲವನ್ನೂ ತೆಗೆದುಕೊಂಡು ಕ್ಷೇಮವಾಗಿ ಬಂದರು. ಕಾರಿಳಿದು ಗೇಟಿನಲ್ಲೇ ನಿಂತು, "ರಶ್ಮಿ ಆಫೀಸಿಗೆ ಓಗೈತಾ? ಅವ್ಳು ಬರೋ ಮುಂಚೆ ನಾನು ಮೇಡಮ್ಮೋರ ಮನೆಗೆ ಓಗ್ತೀನಿ. ಆಸಾಡ ಮುಗಿಯೋವರ್ಗೂ ಅಲ್ಲೇ ಇರ್ತೀನಿ" ಎಂದರು. (ನನ್ನನ್ನು ಕೇಳಿರಲಿಲ್ಲ. ಓನರ್ ಅಲ್ಲವೆ?)

ನಡೆದದ್ದನ್ನೆಲ್ಲ ನಾನೇ ಹೇಳಿದೆ.

ಜಯಮ್ಮ ಜಗುಲಿಯ ಮೇಲೆ ಕುಸಿದು ಕೂತರು. "ಇವ್ನು ಏನಂದ?"

"ಏನೂ ಅನ್ನಲಿಲ್ಲ."

"ಏನೂ?"

ಮಂಜ ಬಾಗಿಲಲ್ಲಿ ನಿಂತಿದ್ದ. "ದೊಡ್ಡೋರು ಮಾತಾಡ್ತಿದ್ರು ಕಣಮ್ಮ. ನಾನೇನ್ ಹೇಳ್ಲಿ? ಆಷಾಢ ಮುಗೀಲಿ, ಅವಳೇ ಬರ್ತಾಳೆ."

ಜಯಮ್ಮ ಮಗನನ್ನು ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದರು. "ಆಸಾಡ ಅತ್ತೆ ಸೊಸೇಗೆ ಕಣ್ಲಾ. ನಿನ್ ಬಾಯ್ಗಲ್ಲ" ಎಂದರು.

ಈಗ ಶ್ರಾವಣ. ರಶ್ಮಿ ಬಂದಿಲ್ಲ. ಜಯಮ್ಮ ಭಾನುವಾರ ಡಬ್ಬಿ ತುಂಬ ಸಾರು, ಮುದ್ದೆ ಕಟ್ಟಿಕೊಂಡು ಪಿಜಿಗೆ ಹೋಗಿ ಸೊಸೆಯ ಜೊತೆ ಉಂಡು ಬರುತ್ತಾರೆ. ಸಿದ್ದಮ್ಮ ಫೋನ್ ಮಾಡಿ, "ನಾವು ಅವತ್ತೇ ಹೇಳಿದ್ವಿ, ಹುಡುಗಿ ಸರಿಯಿಲ್ಲ ಅಂತ" ಎನ್ನುತ್ತಿದ್ದಾರಂತೆ. ಮಂಜ ದಿನಾ ಆ ರಸ್ತೆಯಲ್ಲೇ ಟ್ಯಾಂಕರ್ ಓಡಿಸುತ್ತಾನೆ. ಪಿಜಿಯ ಎದುರು ಗಾಡಿ ನಿಧಾನ ಮಾಡುತ್ತಾನಂತೆ, ನಿಲ್ಲಿಸುವುದಿಲ್ಲವಂತೆ. ಇಷ್ಟನ್ನು ನನಗೆ ಹೇಳಿದವಳು ರಶ್ಮಿ. ಹೇಳುವಾಗ ಅವಳು ಪಿಜಿಯ ರಸ್ತೆಬದಿಯ ಕಿಟಕಿಯ ಹತ್ತಿರವೇ ಕೂತಿದ್ದಳು.

ಅಂಡಮಾನಿಗೆ ಹೋಗಲು ಯಾವುದು ಒಳ್ಳೆಯ ಕಾಲ ಎಂದು ನೀವು ಕೇಳಿದರೆ ನಾನು ಹೇಳಬಲ್ಲೆ. ಗಂಡನಾದವನು ಬಾಯಿ ಬಿಡಲು ಯಾವುದು ಒಳ್ಳೆಯ ಕಾಲ?